ಹೊರೇಸ್ ಹಿಪ್ಕಿನ್ ಕಾಯುತ್ತಿದ್ದ ಪದ

ಹೊರೇಸ್ ಹಿಪ್ಕಿನ್ ತೀರಿಕೊಂಡು ಇಂದಿಗೆ ಹನ್ನೊಂದು ದಿನ. ಅವನ ಬೂಟಿನ ಪೆಟ್ಟಿಗೆ ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿರುವುದು ಬೂಟಲ್ಲ, ಓಟ್ಸ್ ಪೊಟ್ಟಣದ ರಟ್ಟನ್ನು ಕತ್ತರಿಸಿ ಮಾಡಿದ ಇನ್ನೂರ ಹನ್ನೆರಡು ಕಾರ್ಡು. ಒಂದೊಂದರ ಮೇಲೆ ಒಂದು ಇಂಗ್ಲಿಷ್ ಪದ, ಇಲ್ಲವೇ ಒಂದು ಇಡೀ ಮಾತು. ಅದನ್ನು ಯಾರು ಆಡಿದರು, ಎಲ್ಲಿ, ಯಾವತ್ತು, ಕೊನೆಗೆ ಕೇಳಿಸಿಕೊಂಡ ಇಬ್ಬರ ಸಹಿ. ಅವನು ಹೋದ ದಿನ ಇನ್ನೂರ ಹನ್ನೊಂದು ತುಂಬಿದ್ದವು. ಒಂದು ಮಾತ್ರ ಹತ್ತೊಂಬತ್ತು ವರ್ಷಗಳಿಂದ ಖಾಲಿ ಇತ್ತು. ಅದು ತುಂಬುವುದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂದು ಅವನು ಹೇಳುತ್ತಿದ್ದ.

ಅವನು ನಮ್ಮ ಲಿನ್ ಊರಿನ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ನಾನು ಅದೇ ಬಸ್ಸಿನಲ್ಲಿ ದಿನಾ ಒಂದು ಅಚ್ಚುಕೂಟಕ್ಕೆ ಹೋಗುತ್ತಿದ್ದೆ, ಕರಡು ತಿದ್ದುವ ಕೆಲಸಕ್ಕೆ. ಒಂದು ಬೆಳಿಗ್ಗೆ ನನ್ನ ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, ಈ ಊರಲ್ಲಿ ಒಳ್ಳೆಯ ಹಾವುಮೀನು ಸಿಗುವುದೇ ಇಲ್ಲ ಎಂದಳು. ‘ವೀ ನೆವರ್ ಗೆಟ್ ದ ಬೆಸ್ಟ್ ಈಲ್ಸ್ ಹಿಯರ್.’ ನನ್ನ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳತೊಡಗಿದವು. ಏಳು ಪದ, ಅಷ್ಟರಲ್ಲೂ ಇಂಗ್ಲಿಷಿನ ‘ಇ’ ಬಿಟ್ಟರೆ ಬೇರೆ ಸ್ವರಾಕ್ಷರವೇ ಇಲ್ಲ. ತಲೆ ಎತ್ತಿದರೆ ಕಂಡಕ್ಟರನೂ ಚೀಟಿಯ ಯಂತ್ರದ ಮೇಲೆ ಬೆರಳು ಮಡಿಸುತ್ತಾ ನಿಂತಿದ್ದಾನೆ.

“ಹತ್ತು ‘ಇ’,” ಅಂದ.

“ಹತ್ತೇ,” ಅಂದೆ.

“ಇಪ್ಪತ್ತು ವರ್ಷದಿಂದ ನಾನೊಬ್ಬನೇ ಇಂಥ ಹುಚ್ಚ ಅಂದ್ಕೊಂಡಿದ್ದೆ ಮಾರಾಯಾ,” ಅಂದು ನನ್ನ ಪಕ್ಕ ಕುಳಿತುಬಿಟ್ಟ. ಮುಂದಿನ ಎರಡು ನಿಲ್ದಾಣಗಳಲ್ಲಿ ಹತ್ತಿದವರಿಗೆ ಚೀಟಿ ಕೊಡುವುದನ್ನೇ ಮರೆತ.

ಹೀಗೆ ಅಕ್ಷರಗಳ ಚಮತ್ಕಾರವಿರುವ ಮಾತುಗಳನ್ನು ಹಿಡಿಯುವ ನಮ್ಮ ಕೂಟ ಶುರುವಾಯಿತು. ನೂಲಿನ ಅಂಗಡಿಯ ಮ್ಯೂರಿಯಲ್ ಥರ್ಟಲ್ ಆಮೇಲೆ ಸೇರಿದಳು. ಮೂವರೂ ಗುರುವಾರ ಸಂಜೆ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಣ್ಣೆಯ ಮೂಟೆಗಳ ಮೇಲೆ ಕೂರುತ್ತಿದ್ದೆವು. ಕಟ್ಟಳೆ ಮಾಡಿದವನು ಹೊರೇಸ್. ಯಾವ ಪದಕ್ಕೆ ಕಾಯಬೇಕೆಂದು ನಿಘಂಟು ನೋಡಿ ತಿಳಿಯಬಹುದು, ಆದರೆ ನಿಘಂಟಿನಿಂದ ತೆಗೆದುಕೊಳ್ಳುವಂತಿಲ್ಲ. ನಮ್ಮ ಬೇಟೆಯ ಸುದ್ದಿ ಗೊತ್ತಿಲ್ಲದ ಯಾರಾದರೂ ತಮ್ಮ ಪಾಡಿಗೆ ತಾವು ಆಡಬೇಕು, ನಮ್ಮಲ್ಲಿ ಇಬ್ಬರ ಕಿವಿಗೆ ಬೀಳಬೇಕು. ಆಡಿಸಿದ ಮಾತು ಸಲ್ಲದು. “ಪಂಜರದ ಹಕ್ಕಿ ಹಿಡಿಯೋಕೆ ಬಲೆ ಯಾಕೆ?” ಎನ್ನುತ್ತಿದ್ದ.

ಐದು ಸ್ವರಾಕ್ಷರಗಳು ಯು, ಓ, ಐ, ಇ, ಎ ಎಂದು ಕೊನೆಯಿಂದ ಮೊದಲಿಗೆ ಬರುವ ‘ಸಬ್‌ಕಾಂಟಿನೆಂಟಲ್’ ನಮಗೆ ಸಿಕ್ಕಿದ್ದು ಸೆಕೆಯನ್ನು ಬೈಯುತ್ತಿದ್ದ ಒಬ್ಬ ಮುದಿ ಸಿಪಾಯಿಯಿಂದ. ಒಂದು ಅಕ್ಷರವೂ ಮರುಕಳಿಸದ, ಹದಿನೈದು ಅಕ್ಷರಗಳ ‘ಅನ್‌ಕಾಪಿರೈಟಬಲ್’ ಒಬ್ಬ ವಕೀಲನ ಬಾಯಿಂದ ಬಂತು. ಅವತ್ತು ಹೊರೇಸ್ ಆ ವಕೀಲನಿಗೆ ಎದ್ದು ಜಾಗ ಬಿಟ್ಟುಕೊಟ್ಟ. ನಮ್ಮನ್ನು ಬಿಟ್ಟರೆ ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಸಿಗದೆ ಉಳಿದದ್ದು ‘ಅಬ್‌ಸ್ಟೀಮಿಯಸ್ಲಿ’. ಎ, ಇ, ಐ, ಓ, ಯು, ಕೊನೆಗೆ ವೈ, ಎಲ್ಲವೂ ಒಂದೊಂದೇ ಸಲ, ಶಾಲೆಯಲ್ಲಿ ಸಾಲು ನಿಲ್ಲಿಸಿದ ಹಾಗೆ ಕ್ರಮವಾಗಿ ಬರುವ ಪದ. ಅದೇ ಕ್ರಮವಿರುವ ಅದರ ಜೋಡಿ ಪದ ‘ಫಸೀಷಸ್ಲಿ’ ಮೊದಲ ವರ್ಷವೇ ಸಿಕ್ಕಿತ್ತು. ಸಿಗದ ಪದದ ಅರ್ಥ ಅನ್ನಪಾನದಲ್ಲಿ ಹಿತಮಿತವಾಗಿ ಎಂದು. ಲಿನ್‌ನಲ್ಲಿ ಹಾಗೆ ಬದುಕುವವರೇ ಕಡಿಮೆ, ಇನ್ನು ಆ ಮಾತನ್ನು ಆಡುವವರೆಲ್ಲಿ?

ಹೊರೇಸನಂತೂ ಹಾಗೆ ಬದುಕಿದವನಲ್ಲ. ಹಂದಿಮಾಂಸದ ಪೈ ಎಂದರೆ ಪ್ರಾಣ. ಮಧ್ಯಾಹ್ನಕ್ಕೊಂದು, ಮನೆಗೆ ಹೋಗುವಾಗ ಇನ್ನೊಂದು. ಬಸ್ಸುಗಳಲ್ಲಿ ಕಂಡಕ್ಟರುಗಳನ್ನು ತೆಗೆದ ಮೇಲೆ ಅವನನ್ನು ನಿಲ್ದಾಣದ ಚೀಟಿ ಕಿಟಕಿಯಲ್ಲಿ ಕೂರಿಸಿದರು. ನಡೆದಾಟ ನಿಂತಿತು, ಪೈ ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳತೊಡಗಿದಾಗ ಮ್ಯೂರಿಯಲ್ ಅವನನ್ನು ಡಾಕ್ಟರ್ ಪ್ಲೋರೈಟರ ಬಳಿಗೆ ಓಡಿಸಿದಳು. ಹೊರೇಸ್ ಹೆದರಲಿಲ್ಲ, ಹಿಗ್ಗಿದ.

“ಲೆನ್, ನೀನೂ ಬಾ. ಆ ಪದ ಈ ಊರಲ್ಲಿ ಯಾರ ಬಾಯಲ್ಲಾದ್ರೂ ಇದ್ರೆ ಡಾಕ್ಟ್ರ ಬಾಯಲ್ಲೇ. ಎರಡನೇ ಕಿವಿ ಬೇಕಲ್ಲ.”

ಇವನಿಗೆ ಕಿವಿ ಮಂದ, ಹೇಳಿದ್ದನ್ನು ಆಮೇಲೆ ತಿಳಿಸಲು ಬಂದಿದ್ದೇನೆ ಎಂದು ನಾನು ಡಾಕ್ಟರಿಗೆ ಸುಳ್ಳು ಹೇಳಿದೆ. ಹೊರೇಸ್ ತಾನು ತಿನ್ನುವುದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ತಿನ್ನದ ಎರಡು ಪೈಗಳನ್ನೂ ಸೇರಿಸಿದನೆಂದು ನನ್ನ ಗುಮಾನಿ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಹಿಪ್ಕಿನ್ ಅವರೇ, ಹೀಗೇ ಆದ್ರೆ ಕಷ್ಟ.” ನನ್ನ ಕಡೆ ತಿರುಗಿ ಜೋರಾಗಿ, “ಕಷ್ಟ ಅಂತ ಹೇಳಿ ಅವ್ರಿಗೆ.”

“ಕಷ್ಟ ಅಂತೆ,” ಅಂದೆ.

“ಹಾಗಾದ್ರೆ ನಾನು ಹೇಗೆ ಬದುಕಬೇಕು ಡಾಕ್ಟ್ರೇ?” ಅಂದ ಹೊರೇಸ್, ಮುಂದಕ್ಕೆ ಬಗ್ಗಿ. ನಾನೂ ಬಗ್ಗಿದೆ.

“ಪೈ ಬಿಡಿ. ಬೆಣ್ಣೆ ಬಿಡಿ. ದಿನಾ ಒಂದು ಮೈಲಿ ನಡೀರಿ.”

“ಅದನ್ನೆಲ್ಲ ಒಂದೇ ಪದದಲ್ಲಿ ಹೇಳೋದಾದ್ರೆ?”

ಡಾಕ್ಟರು ಯೋಚಿಸಿದರು. “ಕಮ್ಮಿ,” ಅಂದರು.

ಬೀದಿಗೆ ಬಂದು ಗೋಡೆ ಹಿಡಿದುಕೊಂಡು ನಕ್ಕೆವು. ಗುರುವಾರ ಮ್ಯೂರಿಯಲ್ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. “ಅವರು ಆ ಪದ ಅಂದಿದ್ರೂ ನಾನು ಒಪ್ತಿರಲಿಲ್ಲ. ಬಾಯಿಗೆ ಹಗ್ಗ ಹಾಕಿ ಎಳೆದಿದ್ದೀಯ ನೀನು.” ಹೊರೇಸ್ ತಪ್ಪೊಪ್ಪಿಕೊಂಡ. ಆಮೇಲೂ ಆರು ತಿಂಗಳಿಗೊಮ್ಮೆ ನಾವು ಡಾಕ್ಟರ ಬಳಿಗೆ ಹೋದೆವು, ಏನೂ ಕೇಳದೆ ಕೂತು ಬಂದೆವು. ಅವರು ಪ್ರತಿ ಸಲ ಅದೇ ಬುದ್ಧಿವಾದ ಹೇಳಿದರು. ಅವರು ಆಡದ ಒಂದು ಪದಕ್ಕಾಗಿ ಕಿವಿ ನೆಟ್ಟು ಕುಳಿತಿದ್ದ ನಾವು, ಆಡಿದ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನಾದರೂ ಪೈ ಪ್ರಿಯ. ತಿಳಿಸಲು ಬಂದವನು ನಾನು. ಈ ಹನ್ನೊಂದು ದಿನಗಳಲ್ಲಿ ನನ್ನನ್ನು ಇರಿದದ್ದು ಇದೊಂದೇ. ಮ್ಯೂರಿಯಲ್‌ಗೆ ಹೇಳಿದೆ. “ನೀನು ನೆಟ್ಟಗೆ ಹೇಳಿದ್ರೂ ಅವನು ಕೇಳ್ತಿರಲಿಲ್ಲ ಬಿಡು,” ಅಂದಳು. ಸಮಾಧಾನಕ್ಕೆ ಹೇಳಿದ್ದಿರಬಹುದು, ನಿಜವೂ ಇರಬಹುದು.

ಹೊರೇಸನನ್ನು ಮಣ್ಣು ಮಾಡಿದ ಮೇಲೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಟೀ ಇಟ್ಟಿದ್ದರು. ಹ್ಯಾಮ್ ಸ್ಯಾಂಡ್‌ವಿಚ್, ಸೀಗಡಿ, ಪೈ. ಪೈ ಇರಲೇಬೇಕೆಂದು ಬರೆದಿಟ್ಟಿದ್ದನಂತೆ. ಅವನ ಅಕ್ಕ ಎನಿಡ್ ಸ್ವಾಫಮ್‌ನಿಂದ ಬಂದಿದ್ದಳು. ಚಾಪೆಲ್ಲಿನ ಭಕ್ತೆ, ಹೆಂಡ ಮುಟ್ಟಿದವಳಲ್ಲ, ಬೆಂಚಿನ ಮೇಲೆ ಮರದ ಅಳತೆಗೋಲಿನಂತೆ ನೆಟ್ಟಗೆ ಕೂರುವವಳು. ಹೊರೇಸ್ ಪ್ರತಿ ಕ್ರಿಸ್ಮಸ್ಸಿಗೂ ಅವಳ ಮನೆಗೆ ಹೋಗುತ್ತಿದ್ದ, ಒಬ್ಬನೇ. ನಾವೂ ಬರುತ್ತೇವೆಂದರೆ, “ಬೇಡ, ಅಲ್ಲಿ ನೀರು ಕುಡಿದು ಸಾಯ್ತೀರಿ,” ಎಂದು ತಪ್ಪಿಸುತ್ತಿದ್ದ. ನಾನೂ ಮ್ಯೂರಿಯಲ್ಲೂ ಅವಳನ್ನು ನೋಡಿದ್ದು ಅಂದೇ ಮೊದಲು.

ಎನಿಡ್ ಪೈ ತಟ್ಟೆಯನ್ನು ದಿಟ್ಟಿಸಿದಳು. ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿಯಾಗಿತ್ತು.

“ಇದೇ ಇದೇ ಅವನನ್ನ ತಿಂದಿದ್ದು. ಎಷ್ಟು ಸಲ ಹೇಳಿದೀನಿ. ಪ್ರತಿ ಕ್ರಿಸ್ಮಸ್ಸಿಗೂ ಹೇಳ್ತಿದ್ದೆ, ಹೊರೇಸಪ್ಪಾ, ಇನ್ನಾದ್ರೂ ಅಬ್‌ಸ್ಟೀಮಿಯಸ್ಲಿ ಬದುಕೋದು ಕಲಿ ಅಂತ.”

ನನ್ನ ಕೈಯ ಸ್ಯಾಂಡ್‌ವಿಚ್ ಬಾಯಿಯ ಹತ್ತಿರ ನಿಂತಿತು. ಮ್ಯೂರಿಯಲ್ ಟೀ ಬಗ್ಗಿಸುತ್ತಿದ್ದಳು, ಕಪ್ಪು ತುಂಬಿ ಸಾಸರಿಗೆ ಹರಿಯಿತು.

“ಹಾಗಂದಾಗೆಲ್ಲ ಎದ್ದು ಬಂದು ಕೆನ್ನೆಗೆ ಮುತ್ತು ಕೊಡ್ತಿದ್ದ,” ಅಂದಳು ಎನಿಡ್. “ಬೈಸ್ಕೊಂಡು ಮುತ್ತು ಕೊಡೋರನ್ನ ಎಲ್ಲಾದ್ರೂ ನೋಡಿದೀರಾ? ಯಾಕೆ ಅಂತ ಕೇಳಿದ್ರೆ, ಇನ್ನೊಂದು ವರ್ಷ ಹೋಗ್ಲಿ, ಹೇಳ್ತೀನಿ ಅಕ್ಕಾ ಅನ್ನೋನು.”

ಪದ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಕಾಯುತ್ತೇನೆ, ಕಾಯುತ್ತೇನೆ ಎಂದು ನಮ್ಮ ಮುಂದೆ ಹಲುಬುತ್ತಿದ್ದವನು ವರ್ಷಕ್ಕೊಮ್ಮೆ ಅದನ್ನು ಕಿವಿಯಾರೆ ಕೇಳಿ ಬರುತ್ತಿದ್ದ. ನಮ್ಮಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ದಿದ್ದರೆ ಸಾಕಿತ್ತು, ಕಾರ್ಡು ತುಂಬುತ್ತಿತ್ತು. ಆದರೆ ಅವಳು ಏನು ಹೇಳುತ್ತಾಳೆಂದು ತಿಳಿದೇ ಕರೆದೊಯ್ದರೆ ಅದು ಪಂಜರದ ಹಕ್ಕಿ. ಡಾಕ್ಟರ ಮುಂದೆ ಆಸೆಗೆ ಬಿದ್ದವನು ಅಕ್ಕನ ವಿಷಯದಲ್ಲಿ ಬೀಳಲಿಲ್ಲ. ಮೂರು ವರ್ಷ ಅವನ ಜೊತೆ ಡಾಕ್ಟರ ಬಾಯಿ ನೋಡುತ್ತಾ ಕೂತ ನನಗೆ ಒಂದು ಮಾತೂ ಬಿಟ್ಟುಕೊಡಲಿಲ್ಲ, ಕಳ್ಳ.

ಮ್ಯೂರಿಯಲ್ ಆಗಲೇ ಕೈಚೀಲದಿಂದ ಪೆನ್ಸಿಲ್ ತೆಗೆದಿದ್ದಳು. ಕಾರ್ಡು ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅದನ್ನು ಅವನ ಜೊತೆಗೇ ಮಣ್ಣಿಗೆ ಹಾಕಬೇಕೆಂದು ತಂದಿದ್ದೆ, ಕೈ ಬಂದಿರಲಿಲ್ಲ.

“ಕಟ್ಟಳೆಯ ಪ್ರಕಾರ ಸರಿಯಿದೆಯಾ?” ಅಂದೆ ಮೆಲ್ಲಗೆ.

“ನಾವು ಏನಾದ್ರೂ ಕೇಳಿದ್ವಾ? ಇಲ್ಲ. ಅವಳಿಗೆ ಗೊತ್ತಾ? ಇಲ್ಲ. ನಾಲ್ಕು ಕಿವಿ ಇದ್ವು. ಹಾಕು ಸಹಿ.”

ಹಾಕಿದೆವು. ಎನಿಡ್ ನಮ್ಮಿಬ್ಬರನ್ನೂ ನೋಡಿದಳು. “ಮಣ್ಣು ಮಾಡಿ ಬಂದು ಕೂತು ಏನ್ರೀ ಬರೀತಿದೀರಿ?”

ಮ್ಯೂರಿಯಲ್ ಅವಳ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಬಸ್ಸು, ಹಾವುಮೀನು, ಹತ್ತೊಂಬತ್ತು ವರ್ಷ, ಮುತ್ತು. ಎನಿಡ್ ಕೈವಸ್ತ್ರ ಮುಖಕ್ಕೆ ಹಿಡಿದಳು, ಭುಜ ಅಲುಗಿತು. ಅತ್ತಳೆಂದುಕೊಂಡೆವು. ಕೈವಸ್ತ್ರ ತೆಗೆದಾಗ ನಗುತ್ತಿದ್ದಳು, ಥೇಟ್ ಹೊರೇಸನ ಹಾಗೆ, ಒಂದು ಹುಬ್ಬು ಮೇಲೆ ಮಾಡಿ.

“ಆಡಿದವರು ಅನ್ನೋ ಜಾಗದಲ್ಲಿ ನನ್ನ ಪೂರ್ತಿ ಹೆಸರು ಹಾಕಿ,” ಅಂದಳು. “ಎನಿಡ್ ಮಾಡ್ ಹಿಪ್ಕಿನ್. ಆ ಪೈ ತಟ್ಟೆ ಈ ಕಡೆ ಕೊಡಿ. ಒಂದು ತಿಂದು ನೋಡ್ತೀನಿ.”