ಒಳಗಿನಿಂದ ತೆರೆಯದ ಬಾಗಿಲು

ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ವಿನಯಕ್ಕಾಗಿ ಹೇಳುವ ಮಾತಲ್ಲ ಇದು, ಅನುಭವದಿಂದ ಬಂದದ್ದು. ನಮ್ಮ ಮದುವೆಯ ದಿನ ಧೋ ಎಂದು ಮಳೆ ಸುರಿದಿತ್ತೆಂದು ವರ್ಷಗಟ್ಟಲೆ ಎಲ್ಲರಿಗೂ ವರ್ಣಿಸಿದ್ದೆ. ಒಮ್ಮೆ ಆಲ್ಬಮ್ ತೆರೆದು ನೋಡಿದರೆ ಫೋಟೋದಲ್ಲಿ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಅಂದಿನಿಂದ ಡೈರಿ ಬರೆಯತೊಡಗಿದೆ.

ನನ್ನ ಉದ್ಯೋಗವೂ ಇದಕ್ಕೆ ತಕ್ಕದ್ದೇ. ದೋಹಾದ ತೆಂಕಿಗಿರುವ ಹಮದ್ ಬಂದರಿಗೆ ಬರುವ ಸರಕಿನ ಕಾಗದಪತ್ರ ನೋಡಿಕೊಳ್ಳುವವನು ನಾನು. ಹಡಗಿನ ಕಾಗದದಲ್ಲಿ ಒಂದು ಜಾಣ ಮಾತಿರುತ್ತದೆ: ಪೆಟ್ಟಿಗೆಯೊಳಗೆ ಇಂತಿಂಥದ್ದು ಇದೆಯೆಂದು ಹೇಳಲಾಗಿದೆ. ಇದೆ ಎಂದಲ್ಲ, ಹೇಳಲಾಗಿದೆ ಎಂದು. ಕಳಿಸಿದವರು ಹೇಳಿದರು, ನಾವು ಬರೆದುಕೊಂಡೆವು, ಬಾಗಿಲು ತೆರೆದು ಯಾರೂ ನೋಡಿಲ್ಲ. ಮನುಷ್ಯನ ತಲೆಯ ಮೇಲೂ ಇಂಥದೊಂದು ಚೀಟಿ ಅಂಟಿಸಬೇಕೆಂದು ನನಗೆ ಆಗಾಗ ಅನಿಸುತ್ತದೆ. ನಾನು ಓದಿದ್ದು ಇತಿಹಾಸದ ಎಂ.ಎ. ಘಟನೆಗೆ ಹತ್ತಿರವಿರುವ ದಾಖಲೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಅಲ್ಲಿ ಕಲಿತ ಪಾಠಗಳಲ್ಲಿ ನನ್ನಲ್ಲಿ ಉಳಿದಿರುವ ಒಂದೇ ಒಂದು. ಅದೂ ಹೀಗೆ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತದೆಂದು ಗೊತ್ತಿರಲಿಲ್ಲ.

ವಿಷಯ ಒಂದು ಕಾರಿನದು. ಪೊಲೀಸ್ ಗಾಡಿಗಳ ಮೇಲೆ ನನಗೆ ಹಳೆಯ ಮೋಹ. ನಮ್ಮೂರ ಠಾಣೆಯ ಜೀಪು ತಳ್ಳದೆ ಹೊರಡುತ್ತಿರಲಿಲ್ಲ. ಊರವರೆಲ್ಲ ಸೇರಿ ತಳ್ಳುತ್ತಿದ್ದೆವು. ಒಂದು ಸಲ ಹಿಡಿದುಕೊಂಡು ಬಂದ ಕಳ್ಳನೂ ಇಳಿದು ತಳ್ಳಿದ್ದನೆಂದು ನೆನಪು. ನನ್ನ ನೆನಪಿನ ಯೋಗ್ಯತೆಯನ್ನು ಆಗಲೇ ಹೇಳಿದ್ದೇನೆ. ಅಂಥ ಜೀಪು ಕಂಡವನಿಗೆ ಕೀಲಿ ತಿರುಗಿಸಿದೊಡನೆ ಗುಡುಗುವ ಪೊಲೀಸ್ ಗಾಡಿ ಎಂದರೆ ಪುರಾಣದ ವಾಹನವಿದ್ದಂತೆ. ಅಮೆರಿಕದಲ್ಲಿ ನಿವೃತ್ತವಾದ ಪೊಲೀಸ್ ಕಾರುಗಳನ್ನು ಗುರುತಿಸುವುದು ಹೇಗೆಂಬ ವಿಡಿಯೋಗಳನ್ನು ನಾನು ನೋಡಿದಷ್ಟು ಶ್ರದ್ಧೆಯಿಂದ ಎಂ.ಎ. ಪುಸ್ತಕಗಳನ್ನೂ ನೋಡಿಲ್ಲ.

ಇದು ನನ್ನ ಹೆಂಡತಿ ಲವೀನಾಗೆ ಗೊತ್ತು. ಅವಳು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಉತ್ತರ ಸರಿಯಿದ್ದರೆ ಅವಳಿಗೆ ಸಾಲದು, ಹೇಗೆ ಬಂತೆಂದೂ ತೋರಿಸಬೇಕು. ಹಳೆಯ ಕಾರು ಕೊಳ್ಳೋಣ ಎಂದಾಗ ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಎಷ್ಟು ಹಳೆಯದಾದ್ರೂ ಅಡ್ಡಿಯಿಲ್ಲ. ಪೊಲೀಸ್ ಗಾಡಿ ಮಾತ್ರ ಬೇಡ. ಯಾರ್ಯಾರೋ ಕೋಳ ಹಾಕಿಸ್ಕೊಂಡು ಅಳ್ತಾ ಕೂತ ಸೀಟಲ್ಲಿ ನಾವು ಇಗರ್ಜಿಗೆ ಹೋಗುದಾ?"

ಆಮೇಲೆ ನಡೆದದ್ದು ನನಗೆ ನೆನಪಿರುವುದು ಹೀಗೆ. ಕತಾರ್ ಬಿಟ್ಟು ಹೋಗುತ್ತಿದ್ದ ಎಂಜಿನಿಯರೊಬ್ಬರು ತಮ್ಮ ಬಿಳಿ ಕಾರು ಮಾರಾಟಕ್ಕಿಟ್ಟಿದ್ದರು. ಅಮೆರಿಕದಿಂದ ಬಂದದ್ದು, ಎಂಟು ಸಿಲಿಂಡರು. ಕೊಂಡೆವು. ಒಂದು ವಾರದ ಮೇಲೆ ಆಯಿಲ್ ಬದಲಾಯಿಸಲು ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಹಮೀದಾಕನ ಗ್ಯಾರೇಜಿಗೆ ಒಯ್ದೆ. ಹಮೀದಾಕ ಮಂಗಳೂರಿನ ಪಕ್ಕದ ಉಳ್ಳಾಲದವರು. ನಮ್ಮ ಕಡೆಯವರು ಹಳೆಯ ಗಾಡಿ ಕೊಳ್ಳುವಾಗ ಮೊದಲು ಅವರಿಗೆ ತೋರಿಸುವುದು ಇಲ್ಲಿಯ ವಾಡಿಕೆ. ಮಗಳಿಗೆ ಗಂಡು ನೋಡುವಾಗಲೂ ಕೆಲವರು ಇಷ್ಟು ವಿಚಾರಿಸುವುದಿಲ್ಲ. ಹಮೀದಾಕ ಕಾರಿನ ಮಾಡಿನ ಮೇಲೆ ಬೆರಳಾಡಿಸಿ ಒಂದು ಕಡೆ ನಿಂತು, ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ಕರೆದರು.

"ಪೊರ್ಬುಗಳೇ, ಇಲ್ಲಿ ಬನ್ನಿ. ಇಲ್ಲಿ ತೂತು ಇತ್ತು, ರಬ್ಬರ್ ಹಾಕಿ ಮುಚ್ಚಿದ್ದಾರೆ. ಆಂಟೆನಾದ್ದು."

ಮುಂದಿನ ಗಾಜಿನ ಪಕ್ಕದ ಕಂಬದಲ್ಲೂ ಅಂಥದೇ ತೂತು, ಸರ್ಚ್ ಲೈಟಿನದು. ಡ್ಯಾಶ್‌ಬೋರ್ಡಿನ ಕೆಳಗೆ ಎಲ್ಲಿಗೂ ಹೋಗದ ವಯರುಗಳ ಕಟ್ಟು. ಹಿಂದಿನ ಸೀಟಿನ ಚಂದದ ಕವರು ಎತ್ತಿದರೆ ಒಳಗೆ ಬಸ್ ಸ್ಟ್ಯಾಂಡಿನ ಬೆಂಚಿನಂಥ ಗಟ್ಟಿ ಪ್ಲಾಸ್ಟಿಕ್. ಹಿಂದಿನ ಬಾಗಿಲು, ಕಿಟಕಿ ಎರಡೂ ಒಳಗಿನಿಂದ ತೆರೆಯುವುದಿಲ್ಲ. ಕೊನೆಗೆ ಹಮೀದಾಕ ಮೀಟರಿನಲ್ಲಿ ಏನೋ ಒತ್ತಿ ಎಂಜಿನು ಒಟ್ಟು ಎಷ್ಟು ಗಂಟೆ ಚಾಲೂ ಇತ್ತೆಂದು ತೆಗೆದರು. ಓಡಿದ ಕಿಲೋಮೀಟರಿಗೂ ಆ ಗಂಟೆಗಳಿಗೂ ತಾಳೆಯೇ ಇಲ್ಲ.

"ಪೊಲೀಸ್ ಗಾಡಿಯೇ, ಡೌಟ್ ಮಾಫಿ," ಎಂದು, 'ಇಲ್ಲ' ಎನ್ನುವಲ್ಲಿ ಇಲ್ಲಿಯ ಅರಬಿ ಬೆರೆಸಿ ಹೇಳಿದರು. "ಆದ್ರೆ ಕಳ್ಳನ ಹಿಂದೆ ಓಡಿದ್ದು ಕಮ್ಮಿ ಮಾರಾಯ್ರೆ. ರಸ್ತೆ ಬದಿಯಲ್ಲಿ ಎಸಿ ಹಾಕ್ಕೊಂಡು ನಿಂತದ್ದೇ ಜಾಸ್ತಿ. ನಿಮ್ಮ ಆಫೀಸಿನ ಹಾಗೆ."

ನನಗೆ ಒಳಗೊಳಗೇ ಹಿಗ್ಗು. ಕೊಂಡಾದ ಮೇಲೆ ಹೇಳಿ ಅವಳ ಮನಸ್ಸು ಕೆಡಿಸುವುದೇಕೆಂದು ಲವೀನಾಗೆ ಹೇಳಲಿಲ್ಲ. ಹಿಂದಿನ ಬಾಗಿಲಿಗೆ ಮಕ್ಕಳ ಲಾಕ್ ಸಿಕ್ಕಿಹಾಕಿಕೊಂಡಿದೆ ಎಂದೆ. ರಿಪೇರಿ ಮಾಡಿಕೊಡುತ್ತೇನೆಂದು ಹಮೀದಾಕ ಹೇಳುತ್ತಲೇ ಇದ್ದರು, ನಾನು ಮುಂದೂಡುತ್ತಲೇ ಇದ್ದೆ. ಕಾರನ್ನು ಓಡಿಸುತ್ತಿದ್ದುದಾದರೂ ಹೇಗೆ? ಹೆಜ್ಜೆ ಹೆಜ್ಜೆಗೂ ಕ್ಯಾಮರಾ ಇರುವ ರಸ್ತೆಯಲ್ಲಿ ನಿಧಾನ ಹೋಗುವವರ ಬಲಗಡೆಯ ಸಾಲು ಹಿಡಿದು, ನೀರಿನ ಟ್ಯಾಂಕರಿನ ಹಿಂದೆ. ಎಂಟು ಸಿಲಿಂಡರುಗಳಲ್ಲಿ ಏಳು ನಿದ್ದೆ ಮಾಡುತ್ತಿದ್ದವು.

ಹೀಗೆ ಮೂರು ತಿಂಗಳು ಕಳೆಯಿತು. ನವೆಂಬರಿನ ಒಂದು ಬೆಳಿಗ್ಗೆ ಮಂಜು ಬಿದ್ದಿತ್ತು. ಹಿಂದಿನ ದಿನದ ಧೂಳು ಗಾಡಿಯ ಮೈಮೇಲೆ ಹಾಗೇ ಇತ್ತು. ಶಾಲೆಗೆ ಹೊರಟ ಲವೀನಾ ಕೆಳಗಿನಿಂದಲೇ ಫೋನ್ ಮಾಡಿದಳು. "ಒಮ್ಮೆ ಇಳಿದು ಬನ್ನಿ."

ಕಾರಿನ ಬಾಗಿಲಿನ ಮೇಲೆ ಅಕ್ಷರಗಳು ಎದ್ದಿದ್ದವು. ಎಂದೋ ಕಿತ್ತುಹಾಕಿದ ಸ್ಟಿಕರಿನ ಜಾಗದಲ್ಲಿ ಬಣ್ಣ ಬಿಸಿಲಿಗೆ ಮಾಸಿರಲಿಲ್ಲ. ಅಲ್ಲಿ ಧೂಳು ಒಂದು ರೀತಿ ಕೂತು, ಪಕ್ಕದಲ್ಲಿ ಇನ್ನೊಂದು ರೀತಿ ಕೂತು, ಇಬ್ಬನಿ ಸೇರಿ, ಇಡೀ ಪದವನ್ನು ಬರೆದಿಟ್ಟಿತ್ತು. ಈ ಒಂದು ಗುರುತು ಹಮೀದಾಕನಿಗೂ ಸಿಕ್ಕಿರಲಿಲ್ಲ.

"ಪೊಲೀಸ್," ಎಂದು ಲವೀನಾ ಕರಿಹಲಗೆಯ ಮೇಲಿನದನ್ನು ಓದುವ ಹಾಗೆ ಓದಿದಳು. "ಒಂದೇ ಪ್ರಶ್ನೆ. ಇದು ನಿಮ್ಗೆ ಕೊಳ್ಳುವ ಮೊದ್ಲೇ ಗೊತ್ತಿತ್ತಾ? ಗೊತ್ತಿಲ್ದೆ ತಂದದ್ದಾದ್ರೆ ಇರ್ಲಿ. ಗೊತ್ತಿದ್ದು ತಂದದ್ದಾದ್ರೆ ನಾಳೆಯೇ ಮಾರ್ಬೇಕು."

"ಇಲ್ಲ ಮಾರಾಯ್ತಿ, ಆಮೇಲೆ ಗೊತ್ತಾದದ್ದು," ಎಂದೆ. ದೇವರಾಣೆಗೂ ನನಗೆ ನೆನಪಿದ್ದದ್ದು ಹಾಗೆಯೇ. ಬೇಕಾದರೆ ಸಾಕ್ಷಿ ಇರಲೆಂದು, ಬಹಳ ಹೆಮ್ಮೆಯಿಂದಲೇ, ಅಂದೇ, ಗುರುವಾರ ಸಂಜೆ, ಡೈರಿ ತೆಗೆದೆ. ಗಾಡಿ ಕೊಂಡದ್ದು ಭಾನುವಾರ. ಅದರ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಹಮೀದಾಕನಿಗೆ ಗಾಡಿ ತೋರಿಸಿದೆ. ಮಾಡಿನಲ್ಲಿ ತೂತು. ಪೊಲೀಸ್ ಗಾಡಿಯೇ! ಲವೀನಾಗೆ ಸದ್ಯ ಬೇಡ."

ಆಶ್ಚರ್ಯಸೂಚಕ ಚಿಹ್ನೆಯನ್ನೂ ಹಾಕಿದ್ದೆ. ಅಂದರೆ ಆ ಆಯಿಲ್ ಬದಲಾಯಿಸಿದ ಕಥೆಯನ್ನು ಕಟ್ಟಿದವರು ಯಾರು? ಲವೀನಾಗಾಗಿ ನಾನೇ ಯಾವಾಗಲೋ ಕಟ್ಟಿ, ಮೊದಲ ಪ್ರತಿಯನ್ನು ನನಗೇ ಕೊಟ್ಟುಕೊಂಡಿರಬೇಕು. ಸುಳ್ಳು ಹೇಳಿದವನಿಗೆ ಕನಿಷ್ಠ ಸತ್ಯ ಗೊತ್ತಿರುತ್ತದೆ. ನನಗೆ ಅದೂ ಇರಲಿಲ್ಲ. ಡೈರಿ ಮುಚ್ಚಿ ಕಪಾಟಿನಲ್ಲಿಟ್ಟು ಊಟಕ್ಕೆ ಕೂತೆ.

ಮರುದಿನ ಶುಕ್ರವಾರ, ಇಲ್ಲಿಯ ವಾರದ ರಜೆ. ಇಗರ್ಜಿಯಲ್ಲಿ ನಮ್ಮ ಕಡೆಯವರದ್ದೆಲ್ಲ ಒಟ್ಟಿಗೆ ಊಟ. ನಮ್ಮ ಪಾಲಿಗೆ ಬಂದದ್ದು ಕೋಳಿಸಾರು ಮತ್ತು ಇಡ್ಲಿಯಂಥ ಸನ್ನ. ಹಿಂದಿನ ಪ್ಲಾಸ್ಟಿಕ್ ಸೀಟಿನಲ್ಲಿ ಪಾತ್ರೆ ಜಾರುತ್ತದೆಂದು ಲವೀನಾ ಸಾರಿನ ಪಾತ್ರೆಯನ್ನು ಮುಂದೆ ಕೂರಿಸಿ ಸೀಟ್ ಬೆಲ್ಟ್ ಕಟ್ಟಿದಳು. ನಾನು ಸನ್ನದ ಬುಟ್ಟಿ ಹಿಡಿದು ಹಿಂದೆ ಕೂತೆ. ಅವಳೇ ಓಡಿಸಿದಳು.

ದಾರಿಯಲ್ಲಿ ಕರಕ್ ಚಹಾದ ಅಂಗಡಿ. ಇಲ್ಲಿ ಯಾರೂ ಚಹಾಕ್ಕೆಂದು ಇಳಿಯುವುದಿಲ್ಲ. ಹಾರ್ನ್ ಹೊಡೆದರೆ ಕಾರಿನ ಹತ್ತಿರವೇ ತಂದುಕೊಡುತ್ತಾರೆ. ಲವೀನಾ ಹಾರ್ನ್ ಹೊಡೆಯಲಿಲ್ಲ. ಎಂಜಿನು, ಎಸಿ ಹಾಗೇ ಬಿಟ್ಟು ಇಳಿದಳು. ಎರಡು ಚಹಾ ತಂದಳು. ಒಂದನ್ನು ಬಾನೆಟ್ಟಿನ ಮೇಲಿಟ್ಟು, ಇನ್ನೊಂದನ್ನು ಕುಡಿಯುತ್ತ, ತೆರೆದಿದ್ದ ಮುಂದಿನ ಕಿಟಕಿಯಿಂದ ಬಗ್ಗಿದಳು.

"ಬಾಗ್ಲು ತೆಗಿ," ಎಂದೆ.

"ತೆಗೀತೇನೆ. ಡೈರಿಯಲ್ಲಿ ಎಂತ ಉಂಟು?"

"ಯಾವ ಡೈರಿ?"

"ನಿನ್ನೆ ತೆಗ್ದು ನೋಡಿ, ಮುಖ ಇಷ್ಟು ಮಾಡ್ಕೊಂಡು ಒಳಗಿಟ್ರಲ್ಲ, ಅದು."

ನಾನು ಹಿಡಿಕೆ ಎಳೆದೆ. ಅದು ಸುಮ್ಮನೆ ಬಂತು, ಸುಮ್ಮನೆ ಹೋಯಿತು. ಕಿಟಕಿಯ ಗುಂಡಿ ಒತ್ತಿದೆ. ಅದಕ್ಕೂ ಜೀವವಿಲ್ಲ. ಪಕ್ಕದ ಕಾರಿನ ಕುಟುಂಬವೊಂದು ಚಹಾ ಕುಡಿಯುತ್ತ ನನ್ನನ್ನೇ ನೋಡುತ್ತಿತ್ತು. ಈ ಸೀಟಿನಲ್ಲಿ ನನಗಿಂತ ಮೊದಲು ಕೂತವರನ್ನು ನೆನೆದೆ. ಅವರ ಮಡಿಲಲ್ಲಿ ಸನ್ನದ ಬುಟ್ಟಿಯಾದರೂ ಇರಲಿಲ್ಲ, ಪಾಪ. ಇಷ್ಟು ದಿನ ಈ ಗಾಡಿಯಲ್ಲಿ ನನ್ನನ್ನು ಮುಂದಿನ ಸೀಟಿನಲ್ಲೇ ಊಹಿಸಿಕೊಂಡಿದ್ದೆ.

"ಗೊತ್ತಿತ್ತು," ಎಂದೆ. "ಹಿಂದಿನ ದಿನವೇ ಗೊತ್ತಿತ್ತು. ಗೊತ್ತಿತ್ತು ಅಂತ ಮರ್ತು ಹೋಗಿತ್ತು."

ಬಾಗಿಲು ಹೊರಗಿನಿಂದ ಒಂದೇ ಎಳೆತಕ್ಕೆ ತೆರೆಯಿತು. ಲವೀನಾ ಚಹಾ ಕೈಗಿತ್ತಳು.

"ಹಾಗಾದ್ರೆ ನಾಳೆ ಮಾರುದಾ?" ಎಂದು ಕೇಳಿದೆ.

ಅವಳು ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದಳು, ಹೊಸದಾಗಿ ಕೊಳ್ಳುವವರ ಹಾಗೆ.

"ಬೇಡ. ಇಷ್ಟು ವರ್ಷದಲ್ಲಿ ನಿಮ್ಮ ಬಾಯಿಂದ ಇಷ್ಟು ಬೇಗ ಸತ್ಯ ಬಂದದ್ದು ಇದೇ ಮೊದ್ಲು. ಹಮೀದಾಕನಿಗೆ ಹೇಳಿ, ಹಿಂದಿನ ಬಾಗ್ಲು ರಿಪೇರಿ ಮಾಡುದು ಬೇಡ ಅಂತ. ಖಲಾಸ್."

ಹಾಗೆ ಹೇಳುವಾಗ ಅವಳು ನಕ್ಕಳೆಂದು ನನಗೆ ನೆನಪು. ಆ ದಿನದ ಡೈರಿಯಲ್ಲಿ ಮಾತ್ರ ಒಂದೇ ಸಾಲಿದೆ: "ಚಹಾ ತಣ್ಣಗಾಗಿತ್ತು." ನಗುವಿನ ಪ್ರಸ್ತಾಪವೇ ಇಲ್ಲ. ಘಟನೆಗೆ ಹತ್ತಿರವಿರುವ ದಾಖಲೆಯೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೂ ಈ ಒಂದು ವಿಷಯದಲ್ಲಿ, ಬಹಳ ಯೋಚಿಸಿದ ಮೇಲೆ, ನೆನಪನ್ನೇ ನಂಬುವುದೆಂದು ತೀರ್ಮಾನಿಸಿದ್ದೇನೆ.