ಉಪಾಧ್ಯಕ್ಷರಿಗೆ ಆಶೀರ್ವಾದ ತಡವಾದದ್ದು

ರಾಜಧಾನಿ ಅಸುನ್ಸಿಯೊನ್ ರೈಲು ನಿಲ್ದಾಣದ ಮುಂದೆ ಮರಗೆಣಸಿನ ಹಿಟ್ಟಿನ ಚಿಪಾ ರೊಟ್ಟಿ ಸುಟ್ಟು ಮಾರುವ ದಿಯೊಲಿಂದಳಿಗೆ ದೇಶದ ಉಪಾಧ್ಯಕ್ಷ ಮಗನಾಗಬೇಕು. ಹೆತ್ತ ಮಗನಲ್ಲ, ಧರ್ಮದ ಮಗ.

ಹಿಂದೆ ನೆರೆಯ ಮೂರು ದೇಶಗಳೊಡನೆ ನಡೆದ ಮಹಾಯುದ್ಧದ ಕೊನೆಗಾಲದಲ್ಲಿ ಗಂಡಸರೆಲ್ಲ ಮುಗಿದು, ಮೀಸೆ ಬಾರದ ಹುಡುಗರ ಕೈಗೆ ಬಂದೂಕು ಕೊಟ್ಟರು. ಹೊರಡುವ ಮುನ್ನ ಪಾದ್ರಿ ಅವರ ಹಣೆಗೆ ಎಣ್ಣೆ ಹಚ್ಚಿದರು. ಆಗ ಪ್ರತಿಯೊಬ್ಬನ ಹೆಗಲ ಮೇಲೂ ಧರ್ಮತಾಯಿಯೊಬ್ಬಳ ಕೈ ಇರಬೇಕು. ಅಲ್ಲಿದ್ದದ್ದು ಸೈನ್ಯಕ್ಕೆ ಮರಗೆಣಸು ಬೇಯಿಸುತ್ತಿದ್ದ ದಿಯೊಲಿಂದ ಒಬ್ಬಳೇ. ಹಾಗಾಗಿ ಇಡೀ ಸಾಲಿಗೆ ಅವಳೇ ತಾಯಿಯಾದಳು. ತಿರುಗಿ ಬಂದವನು ಮಾತ್ರ ತಾಸಿಯೊ ಒಬ್ಬನೇ.

ಬಂದವನು ಹಡಗುಕಟ್ಟೆಯಲ್ಲಿ ಮೂಟೆ ಹೊತ್ತ, ಸುಂಕದ ಕಚೇರಿಯಲ್ಲಿ ಗುಮಾಸ್ತನಾದ. ಓದು ಬಲ್ಲ ಗಂಡಸರಿಗೇ ಬರವಿದ್ದ ದೇಶದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಉಪಾಧ್ಯಕ್ಷನೇ ಆಗಿಬಿಟ್ಟ. ಸೆನೆಟ್ಟಿನಲ್ಲಿ ಗದ್ದಲವಾದಾಗ ಗಂಟೆ ಬಾರಿಸುವುದೇ ಅವನ ಉದ್ಯೋಗ ಎಂದು ಸಂತೆಯ ಹೆಂಗಸರು ನಗುತ್ತಿದ್ದರು. ಆದರೇನು, ಧರ್ಮತಾಯಿ ಕಂಡರೆ ಕೈಜೋಡಿಸಿ ಆಶೀರ್ವಾದ ಪಡೆಯದೆ ಮುಂದೆ ಹೋಗುವಂತಿಲ್ಲ. ತಲೆಯ ಮೇಲೆ ಎಷ್ಟು ದೊಡ್ಡ ಟೋಪಿಯಿದ್ದರೂ ಅಷ್ಟೇ.

ಒಂದು ಚಳಿಗಾಲ ಪರದೇಶದ ಅತಿಥಿಗಳು ಬಂದರು. ನಿಲ್ದಾಣ ಚೊಕ್ಕಟವಾಗಿ ಕಾಣಬೇಕು, ಒಲೆ ಬುಟ್ಟಿಗಳೆಲ್ಲ ತೆರವಾಗಬೇಕೆಂದು ಆಜ್ಞೆಯಾಯಿತು. ಕೆಳಗೆ ತಾಸಿಯೊನ ಸಹಿ! ದಿಯೊಲಿಂದಳಿಗೆ ಮೈಯೆಲ್ಲ ಉರಿಯಿತು. ಒಲೆ ಹೋದರೆ ಅವಳ ಅನ್ನವೇ ಹೋದಂತೆ.

ಅತಿಥಿಗಳ ಜೊತೆ ರೈಲು ಹತ್ತಲು ಬಂದ ತಾಸಿಯೊ ಎಂದಿನಂತೆ ಟೋಪಿ ತೆಗೆದು ಕೈಜೋಡಿಸಿದ.

"ಆಶೀರ್ವಾದ ಮಾಡವ್ವಾ."

"ಕೈಯೆಲ್ಲ ಹಿಟ್ಟಾಗಿದೆ. ನಿಂತ್ಕೊ," ಎಂದು ಅವಳು ಹಿಟ್ಟು ನಾದುತ್ತಲೇ ಇದ್ದಳು.

"ರೈಲು ಹೊರಡತ್ತೆ. ಮಂತ್ರಿಗಳು ಕಾಯ್ತಿದಾರೆ."

"ಕಾಯ್ಲಿ ಬಿಡು. ನಿನ್ ಪೊಲೀಸ್ನೋರು ಬಂದು ಒಲೆ ಕಿತ್ತಾಕ್ಲಿ, ಆಮೇಲೆ ನಂಗೆ ಬೇಕಾದಷ್ಟು ಪುರುಸೊತ್ತು."

ಪಕ್ಕದ ಬುಟ್ಟಿಯ ತಿಮೊತೆಯಾ ಬಾಯಿಂದ ಚುಟ್ಟಾ ತೆಗೆದಳು. "ಗಂಟೆ ಬಾರ್ಸಿ ನೋಡಪ್ಪಾ, ಸುಮ್ನಾಗ್ತಾಳೇನೋ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಅದು ಅಧ್ಯಕ್ಷರ ಆಜ್ಞೆ ಅವ್ವಾ, ನಂದಲ್ಲ."

"ಅಧ್ಯಕ್ಷರ ಹೆಗಲ ಮೇಲೆ ಕೈ ಇಟ್ಟಿದ್ನೇನೋ ನಾನು?"

ರೈಲು ಸೀಟಿ ಹಾಕಿತು. ದಿಯೊಲಿಂದ ಹಿಟ್ಟನ್ನು ಇನ್ನೂ ಜೋರಾಗಿ ನಾದಿದಳು. ಇವನು ಟೋಪಿ ಇಟ್ಟುಕೊಂಡು ಹೊರಟೇಬಿಟ್ಟರೆ? ಇರುವವನು ಇವನೊಬ್ಬ. ಆದರೂ ತಲೆ ಎತ್ತಲಿಲ್ಲ, ಹಟಮಾರಿ. ಮಂತ್ರಿಗಳನ್ನೂ ಅತಿಥಿಗಳನ್ನೂ ಹೊತ್ತು ರೈಲು ಹೋಯಿತು. ತಾಸಿಯೊ ಜೋಡಿಸಿದ ಕೈ ಬಿಡದೆ ಅಲ್ಲೇ ನಿಂತಿದ್ದ.

"ಯಾಕೋ ಹತ್ಲಿಲ್ಲ?"

"ಅವತ್ತು ನೀನು ಆಶೀರ್ವಾದ ಮಾಡಿ ಕಳಿಸ್ದೆ, ತಿರುಗಿ ಬಂದೆ."

"ಎಲ್ರಿಗೂ ಮಾಡಿದ್ದೆ ಕಣೋ."

"ಹೂಂ. ಅವ್ರ ಪಾಲಿಂದೂ ಈಗ ನಾನೇ ಕೇಳ್ಬೇಕಲ್ಲವ್ವಾ."

ಅವಳಿಗೆ ತಡೆಯಲಾಗಲಿಲ್ಲ. ಒಲೆಯ ಮಾತೇ ಎತ್ತದೆ, ಹಿಟ್ಟಿನ ಕೈಯಲ್ಲೇ ಅವನ ಎಣ್ಣೆಗೂದಲ ಮೇಲೆ ಶಿಲುಬೆ ಗುರುತು ಹಾಕಿದಳು. ಹಾಕಿ ಅತ್ತಳು.

ತಾಸಿಯೊ ಅವಳ ಮಣೆ ಎಳೆದುಕೊಂಡು ಒಲೆಯ ಪಕ್ಕ ಕೂತು ಬಿಸಿ ಚಿಪಾ ಮುರಿದ. ಅಷ್ಟರಲ್ಲಿ ಪೊಲೀಸರು ಬಂದರು.

"ಸಾಹೇಬ್ರೇ, ಇದನ್ನೆಲ್ಲ ಎತ್ತಬೇಕಿತ್ತು..."

"ಎತ್ರಪ್ಪಾ. ನಾನು ತಿಂದು ಏಳ್ತೀನಿ, ಆಮೇಲೆ ಎತ್ರಿ."

ಸಂಜೆಯವರೆಗೂ ತಿಂದ. ಮರುದಿನ ಸೆನೆಟ್ಟಿನಲ್ಲಿ ಗಂಟೆ ಬಾರಿಸುವವರಿರಲಿಲ್ಲ, ಅವನು ಇಲ್ಲಿ ಕೂತಿದ್ದ. ಅದರ ಮರುದಿನವೂ ಬಂದ. ಕೊನೆಗೆ ಬರುವುದನ್ನು ಬಿಟ್ಟವರು ಪೊಲೀಸರೇ.