ಕಮಾನು ಉಳಿಸಿದ ಒಂದು ನೂಲು

ಜಿಗ್‌ಸಾ ಗರಗಸದಲ್ಲಿ ಕುಯ್ದರೆ ಅಂಚು ಒರಟಾಗುತ್ತದೆಂದು ಅದನ್ನು ಬದಿಗಿಟ್ಟಿದ್ದೆ. ದೇವರ ಮಂಟಪದ ಕಮಾನಿಗೆಂದು ಇದ್ದ ಒಂದೇ ತೇಗದ ಹಲಗೆಯ ಮೇಲೆ ಬಾಗಿನ ಗೆರೆ ಎಳೆದು, ಮರ ಕೊರೆಯುವ ರೂಟರ್ ಯಂತ್ರ ಇಟ್ಟು ಇನ್ನೇನು ಸ್ವಿಚ್ ಒತ್ತಬೇಕು, ಯಾರೋ ಪ್ಲಗ್ ಕಿತ್ತರು. ತಿರುಗಿದರೆ, ಶೆಟ್ಟಿಹಳ್ಳಿಯ ನಮ್ಮ ಮನೆ ಮಾಲೀಕರ ತಾಯಿ ಮುನಿಯಮ್ಮಜ್ಜಿ.

“ಇಂಗೆ ಒಂದೇ ಸಲಕ್ಕೆ ರೂಟರ್ ಬಿಟ್ರೆ ಮರ ಸೀಳೋಯ್ತದೆ ಕಣಪ್ಪ. ಗೆರೆಯಿಂದಾಚೆ ಒಂದು ನೂಲು, ಅಂದ್ರೆ ಅಂಗುಲದಲ್ಲಿ ಎಂಟ್ನೇ ಒಂದ್ ಪಾಲು, ಬಿಟ್ಟು ಜಿಗ್‌ಸಾದಲ್ಲಿ ಕುಯ್ಕೊ. ಆ ನೂಲನ್ನ ಮಾತ್ರ ಕಮಾನಿನ ಆಕಾರದ ಅಚ್ಚು ಇಟ್ಟು ರೂಟರಲ್ಲಿ ತೆಗಿ.”

ಹಾಗೇ ಮಾಡಿದೆ. ಬಾಗು ಬೆಣ್ಣೆಯಂತೆ ನುಣುಪಾಗಿ ಬಂತು. ಇದೆಲ್ಲ ಹೇಗೆ ಗೊತ್ತೆಂದು ಕೇಳಿದೆ.

“ನಮ್ಮೆಜಮಾನ್ರು ಮರಗೆಲಸದೋರು. ಕೊನೇವರ್ಗೂ ಮರದ ಇನ್ನೊಂದ್ ತುದಿ ಇಡ್ಕೊಂಡಿದ್ದೋಳು ನಾನೇ.”

ಈಗ ದೀಪ ಹಚ್ಚಿದಾಗಲೆಲ್ಲ, ಕಮಾನಿನ ಕೆಳಗಿರುವ ದೇವರಿಗಿಂತ ಮೊದಲು ಪ್ಲಗ್ ಕಿತ್ತ ಆ ಕೈ ಕಣ್ಣ ಮುಂದೆ ಬರುತ್ತದೆ.